ಇರುವ ಒಂದೇ ಫೋನಿಗೆ ಆಂಡ್ರಾಯ್ಡ್ ಬೀಟಾ ಹಾಕಬಹುದೇ?

ಪ್ರಶ್ನೆ: ತೋಟದ ರೈಟರ್, ಮೂಡಿಗೆರೆ ತಾಲ್ಲೂಕು

ನಮಸ್ಕಾರ. ನಾನು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವವನು, ಆಗಿದ್ದೇನೆ. ನನ್ನ ಬಳಿ ಇರುವುದು ಗೂಗಲ್‌ನ ಪಿಕ್ಸೆಲ್ 7ಎ ಫೋನ್ ಒಂದೇ. ಆಂಡ್ರಾಯ್ಡ್‌ನ ಹೊಸ ಆವೃತ್ತಿ ಅಧಿಕೃತವಾಗಿ ಹೊರಬರುವ ಮೊದಲೇ ಅದರ ಬೀಟಾವನ್ನು, ಅಂದರೆ ಪರೀಕ್ಷೆಗೆಂದು ಬಿಡುವ ಆವೃತ್ತಿಯನ್ನು, ಪಿಕ್ಸೆಲ್ ಇರುವವರು ಹಾಕಿಕೊಳ್ಳಬಹುದು, ಗೂಗಲ್‌ನ ಬೀಟಾ ಪುಟದಲ್ಲಿ ತಮ್ಮ ಖಾತೆಯಿಂದ ಫೋನನ್ನು ನೋಂದಾಯಿಸಿದರೆ ಸಾಕು ಎಂದು ತಿಳಿದ ಮೇಲೆ ಮುಂದಿನ ಬೀಟಾವನ್ನು ಹಾಕಿ ನೋಡುವ ಆಸೆ ಹುಟ್ಟಿದೆ. ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ "ಏನೂ ಆಗುವುದಿಲ್ಲ, ಹಾಕು" ಎನ್ನುತ್ತಾನೆ. ಅವನ ಬಳಿ ಎರಡು ಫೋನುಗಳಿವೆ ಎಂಬುದನ್ನೂ ಹೇಳಿಬಿಡುವುದು ನ್ಯಾಯ.

ನನ್ನ ಹಿಂಜರಿಕೆಗೆ ಕಾರಣಗಳಿವೆ. ವಾರದ ಬಟವಾಡೆಯ ಹೆಚ್ಚಿನ ಭಾಗ ಈಗ ಯುಪಿಐ ಮೂಲಕವೇ ನಡೆಯುತ್ತದೆ. ಆಳುಗಳ ಹಾಜರಿಯೂ ದಿನದಿನದ ಮಳೆಯ ಇಂಚಿನ ಲೆಕ್ಕವೂ ಇದೇ ಫೋನಿನಲ್ಲಿವೆ. ಸಾಹುಕಾರರು ಊರಿನಲ್ಲಿ ಇಲ್ಲದಿರುವಾಗ ಅವರೊಡನೆ ಮಾತುಕತೆಯೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ಆಗಬೇಕು. ತೋಟದಲ್ಲಿ ಟವರ್ ಸಿಗುವ ಜಾಗಗಳು ಕಡಿಮೆ ಇರುವುದರಿಂದ ಬಂಗಲೆಯ ಬ್ರಾಡ್‌ಬ್ಯಾಂಡಿಗೆ ಸೇರಿಸಿದ ವೈಫೈ ಮೂಲಕವೇ ಕರೆ ಮಾಡುತ್ತೇವೆ, ಕರೆ ಸ್ವೀಕರಿಸುತ್ತೇವೆ.

ಆಸೆಗೂ ಕಾರಣವಿದೆ. ನಾನು ಫೋನನ್ನು ಪೂರ್ತಿಯಾಗಿ ಕನ್ನಡದಲ್ಲೇ ಇಟ್ಟುಕೊಂಡಿದ್ದೇನೆ. ಹೊಸ ಆವೃತ್ತಿಯಲ್ಲಿ ಕನ್ನಡ ಹೇಗೆ ಕಾಣುತ್ತದೆ ಎಂಬುದನ್ನು ಮುಂಚಿತವಾಗಿಯೇ ನೋಡಿ, ಕೊರತೆ ಕಂಡರೆ ತಿಳಿಸುವುದು ನನ್ನಂಥವನಿಗೂ ಸಾಧ್ಯವೇ ಎಂಬ ಕುತೂಹಲ ನನ್ನದು.

ಬೀಟಾ ಬೇಡವೆನಿಸಿದರೆ ಫೋನಿನಲ್ಲಿರುವುದನ್ನು ಕಳೆದುಕೊಳ್ಳದೆ ಹಳೆಯ ಆವೃತ್ತಿಗೆ ಮರಳಲು ದಾರಿ ಇದೆಯೇ? ಯುಪಿಐ ಮತ್ತು ಬ್ಯಾಂಕಿನ ಆ್ಯಪ್‌ಗಳು ಕೆಲಸ ಮಾಡುತ್ತವೆಯೇ? ವೈಫೈ ಕರೆಗೆ ತೊಂದರೆಯಾಗುವ ಸಂಭವವಿದೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಮೊಬೈಲ್ ರಿಪೇರಿ, ಬಿ.ಎಂ. ರಸ್ತೆ, ಹಾಸನ

ರೈಟರ್ ಅವರೇ, ಬೀಟಾ ಹಾಕುವುದು ಹೇಗೆ ಎಂದು ಕೇಳಿಕೊಂಡು ನಮ್ಮ ಅಂಗಡಿಗೆ ಯಾರೂ ಬರುವುದಿಲ್ಲ, ತೆಗೆಯುವುದು ಹೇಗೆ ಎಂದು ಕೇಳಿಕೊಂಡು ಬರುತ್ತಾರೆ. ಆದುದರಿಂದ ನಿಮ್ಮ ಮೊದಲ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ನೀವು ನೋಂದಾಯಿಸಿದ ಮೇಲೆ ಬೀಟಾ ಎಂದಿನ ಅಪ್‌ಡೇಟಿನಂತೆಯೇ ಫೋನಿಗೆ ಬರುತ್ತದೆ, ಎಂದಿನಂತೆಯೇ ಇನ್‌ಸ್ಟಾಲ್ ಆಗುತ್ತದೆ, ನಿಮ್ಮ ಫೋಟೊ ಮತ್ತು ಆ್ಯಪ್‌ಗಳು ಇದ್ದಲ್ಲೇ ಇರುತ್ತವೆ. ಈ ಸಲೀಸುತನವೇ ಜನರನ್ನು ಮೋಸಗೊಳಿಸುವುದು. ಹೊರಬರಲು ಅದೇ ಪುಟದಲ್ಲಿ ನೋಂದಣಿಯನ್ನು ರದ್ದುಮಾಡಿದರೆ ಸುಮಾರು 24 ಗಂಟೆಯೊಳಗೆ ಮತ್ತೊಂದು ಅಪ್‌ಡೇಟ್ ಬರುತ್ತದೆ. ಅದು ಹಳೆಯ ಸ್ಥಿರ ಆವೃತ್ತಿಯನ್ನು ಮರಳಿ ಹಾಕುವ ಅಪ್‌ಡೇಟ್, ಅದನ್ನು ಇನ್‌ಸ್ಟಾಲ್ ಮಾಡಿದರೆ ಫೋನಿನೊಳಗಿನ ಎಲ್ಲವೂ ಅಳಿಸಿಹೋಗುತ್ತದೆ. ಅಳಿಸದೆ ಹಿಂದಿರುಗುವ ದಾರಿ ಇಲ್ಲ. ಅಳಿಸದೆ ಹೊರಬರುವ ದಾರಿ ಒಂದಿದೆ: ನೋಂದಣಿ ರದ್ದುಮಾಡಿ, ಆಗ ಬರುವ ಆ ಹಿಂದಿರುಗಿಸುವ ಅಪ್‌ಡೇಟನ್ನು ಮುಟ್ಟದೆ, ಅಂತಿಮ ಆವೃತ್ತಿ ಬಿಡುಗಡೆಯಾಗುವವರೆಗೆ ಬೀಟಾದಲ್ಲೇ ಕಾಯುವುದು. ಅಂತಿಮ ಆವೃತ್ತಿ ಬಂದಾಗ ಅದು ಬೀಟಾದ ಮೇಲೆ ಕೂರುತ್ತದೆ, ನಿಮ್ಮ ಮಾಹಿತಿ ಉಳಿಯುತ್ತದೆ. ಆದರೆ ಆ ಕಾಯುವಿಕೆ ತಿಂಗಳುಗಳದ್ದಾಗಬಹುದು.

ಎಷ್ಟು ತಿಂಗಳು ಎಂಬುದು ನೀವು ಯಾವ ಹಂತದಲ್ಲಿ ಒಳಹೋಗುತ್ತೀರಿ ಎಂಬುದರ ಮೇಲಿದೆ. ಆಂಡ್ರಾಯ್ಡ್ 16ರ ಉದಾಹರಣೆಯನ್ನೇ ನೋಡಿ. ಆ್ಯಪ್ ಬರೆಯುವವರಿಗೆಂದು ಬೀಟಾಕ್ಕೂ ಮೊದಲು ಬಿಡುವ ಡೆವಲಪರ್ ಪ್ರಿವ್ಯೂಗಳಲ್ಲಿ ಮೊದಲನೆಯದು 2024ರ ನವೆಂಬರ್‌ನಲ್ಲಿ ಬಂತು, ಮೊದಲ ಬೀಟಾ 2025ರ ಜನವರಿ 23ರಂದು, ಎರಡನೆಯದು ಫೆಬ್ರವರಿಯಲ್ಲಿ, ಮೂರನೆಯದು ಮಾರ್ಚ್‌ನಲ್ಲಿ, ನಾಲ್ಕನೆಯದು ಏಪ್ರಿಲ್‌ನಲ್ಲಿ; ಅಂತಿಮ ಆವೃತ್ತಿ ಜೂನ್ 10ರಂದು ಹೊರಬಂತು. ಮೊದಲ ಬೀಟಾದಲ್ಲೇ ಒಳಹೊಕ್ಕವರು ರೊಬಸ್ಟಾ ಕೊಯ್ಲಿನ ನಡುವೆ ಹೊಕ್ಕು, ಹೂಮಳೆ ದಾಟಿ, ಮುಂಗಾರು ಹಿಡಿದ ಮೇಲೆ ಹೊರಬಂದಂತಾಯಿತು. ಮಾರ್ಚ್‌ನ ಮೂರನೆಯ ಬೀಟಾದಲ್ಲಿ ಗೂಗಲ್ "ಪ್ಲಾಟ್‌ಫಾರ್ಮ್ ಸ್ಟೆಬಿಲಿಟಿ" ಎಂಬ ಹಂತವನ್ನು ಘೋಷಿಸಿತು. ಅಲ್ಲಿಂದಾಚೆಗೆ ಆ್ಯಪ್‌ಗಳು ವ್ಯವಸ್ಥೆಯೊಡನೆ ವ್ಯವಹರಿಸುವ ರೀತಿ ಬದಲಾಗುವುದಿಲ್ಲ ಎಂದು ಅದರ ಅರ್ಥ. ದೋಷಗಳೇ ಇಲ್ಲವೆಂದು ಅರ್ಥವಲ್ಲ. ಒಂದೇ ಫೋನ್ ಇರುವವರು ಆ ಹಂತಕ್ಕೆ ಮೊದಲು ಹತ್ತಿರ ಸುಳಿಯಬಾರದು ಎಂಬುದು ನನ್ನ ಅಭಿಪ್ರಾಯ.

ಇನ್ನು ಬ್ಯಾಕಪ್ ವಿಚಾರ. "ಬ್ಯಾಕಪ್ ಇದೆಯಲ್ಲ, ಅಳಿಸಿದರೇನಂತೆ" ಎನ್ನುವವರು ಗಮನಿಸದ ಒಂದು ನಿಯಮವಿದೆ: ಮೇಲಿನ ಆಂಡ್ರಾಯ್ಡ್ ಆವೃತ್ತಿಯಲ್ಲಿ ತೆಗೆದ ಬ್ಯಾಕಪ್ಪನ್ನು ಕೆಳಗಿನ ಆವೃತ್ತಿಯ ಫೋನಿಗೆ ಮರಳಿ ತುಂಬಲಾಗುವುದಿಲ್ಲ. ಅಂದರೆ ನೀವು ಬೀಟಾದಲ್ಲಿ ಕುಳಿತು ತೆಗೆದ ಬ್ಯಾಕಪ್ ಹಿಂದಿರುಗುವಾಗ ಪ್ರಯೋಜನಕ್ಕೆ ಬಾರದು. ಹಾಜರಿ ಮತ್ತು ಮಳೆಯ ಲೆಕ್ಕದಂಥವು ಫೋನಿನ ಬ್ಯಾಕಪ್ಪಿನ ಹಂಗಿಲ್ಲದೆ ಬೇರೆ ಕಡೆ, ಅಂದರೆ ಗೂಗಲ್ ಶೀಟಿನಲ್ಲೋ ಕಂಪ್ಯೂಟರಿನಲ್ಲೋ ಪುಸ್ತಕದಲ್ಲೋ, ಇರಲೇಬೇಕು. ಇದು ಬೀಟಾ ಹಾಕದವರಿಗೂ ಅನ್ವಯಿಸುವ ಮಾತು. ಮಳೆಗಾಲದಲ್ಲಿ ನೀರು ಹೊಕ್ಕ ಫೋನುಗಳು ನಮ್ಮ ಮೇಜಿನ ಮೇಲೆ ಸಾಲುಗಟ್ಟಿದಾಗ ಇದನ್ನೇ ಹೇಳುತ್ತಿರುತ್ತೇನೆ.

ನನ್ನ ಸಲಹೆಯನ್ನು ಕೇಳುವುದಾದರೆ, ಬಟವಾಡೆ ನಡೆಯುವ ಫೋನಿಗೆ ಬೀಟಾ ಬೇಡ.

ಉತ್ತರ: ಆ್ಯಪ್ ಬರೆಯುವವಳು, ಸಕಲೇಶಪುರ

ಹಾಸನದ ಅಣ್ಣನವರು ಹೇಳಿದ್ದು ಬಹುತೇಕ ಸರಿಯಾಗಿದೆ. ನಾನು ಮನೆಯಿಂದಲೇ ಆಂಡ್ರಾಯ್ಡ್ ಆ್ಯಪ್‌ಗಳ ಕೆಲಸ ಮಾಡುವವಳಾದ್ದರಿಂದ ಪ್ರತಿ ವರ್ಷ ಈ ಬೀಟಾಗಳೊಡನೆ ಏಗಲೇಬೇಕು. ಕೆಲವು ವಿಷಯಗಳನ್ನು ಸೇರಿಸುತ್ತೇನೆ.

ಮೊದಲನೆಯದಾಗಿ, ಹಂತಗಳ ಹೆಸರುಗಳಲ್ಲಿ ಒಂದು ಬದಲಾವಣೆಯಾಗಿದೆ. ಬೀಟಾಕ್ಕಿಂತ ಮುಂಚೆ ಬರುತ್ತಿದ್ದ ಡೆವಲಪರ್ ಪ್ರಿವ್ಯೂ 2025ರ ಜುಲೈನಿಂದ ಇಲ್ಲ, ಅದರ ಜಾಗಕ್ಕೆ ವರ್ಷವಿಡೀ ನಡೆಯುವ "ಕ್ಯಾನರಿ" ಎಂಬ ವಾಹಿನಿ ಬಂದಿದೆ. ಅದನ್ನು ಕಂಪ್ಯೂಟರಿಗೆ ಕೇಬಲ್ ಹಾಕಿ, ಬ್ರೌಸರಿನಲ್ಲಿ ನಡೆಯುವ ಆಂಡ್ರಾಯ್ಡ್ ಫ್ಲ್ಯಾಶ್ ಟೂಲ್ ಮೂಲಕ ಹಾಕಬೇಕು. ಅದಕ್ಕಾಗಿ ಬೂಟ್‌ಲೋಡರ್ (ಫೋನ್ ಆನ್ ಆದಾಗ ವ್ಯವಸ್ಥೆಯನ್ನು ಎಬ್ಬಿಸುವ ತಂತ್ರಾಂಶ) ಅನ್‌ಲಾಕ್ ಮಾಡಬೇಕು, ಅನ್‌ಲಾಕ್ ಮಾಡುವ ಕ್ಷಣದಲ್ಲೇ ಫೋನ್ ಪೂರ್ತಿ ಅಳಿಸಿಹೋಗುತ್ತದೆ, ಹೊರಬರುವಾಗ ಮತ್ತೊಮ್ಮೆ ಅಳಿಸಿಹೋಗುತ್ತದೆ. ಅದು ನಮ್ಮಂಥವರಿಗೇ ಹೊರತು ನಿತ್ಯ ಬಳಸುವ ಫೋನಿಗಲ್ಲ. ಯೂಟ್ಯೂಬಿನಲ್ಲಿ "ಎಲ್ಲರಿಗಿಂತ ಮೊದಲು ಹೊಸ ಆಂಡ್ರಾಯ್ಡ್" ಎಂದು ತೋರಿಸುವುದು ಸಾಮಾನ್ಯವಾಗಿ ಇದನ್ನೇ ಎಂಬುದು ನೆನಪಿರಲಿ.

ಎರಡನೆಯದು, ಇನ್‌ಸ್ಟಾಲ್ ಮಾಡುವಾಗ ಕರೆಂಟು ಹೋದರೆ, ನೆಟ್ಟು ಹೋದರೆ ಫೋನ್ ಸತ್ತುಹೋಗುತ್ತದೆ ಎಂಬ ಭಯ ನಮ್ಮ ಕಡೆ ಬಹಳ ಇದೆ. ಪಿಕ್ಸೆಲ್‌ಗೆ ಎಂದಿನ ಅಪ್‌ಡೇಟಿನ ರೂಪದಲ್ಲಿ ಬರುವ ಬೀಟಾದ ಮಟ್ಟಿಗೆ ಆ ಭಯ ಬೇಡ. 2016ರ ಆಂಡ್ರಾಯ್ಡ್ 7ರಿಂದ ವ್ಯವಸ್ಥೆಗೆ ಫೋನಿನೊಳಗೆ ಎರಡು ಬೇರೆ ಬೇರೆ ಜಾಗಗಳನ್ನು ಇಡುವ ಏರ್ಪಾಡು ಬಂದಿದೆ: ಒಂದರಿಂದ ಫೋನ್ ನಡೆಯುತ್ತಿರುವಾಗಲೇ ಹೊಸತು ಇನ್ನೊಂದಕ್ಕೆ ಬರೆಯಲ್ಪಡುತ್ತದೆ, ರೀಸ್ಟಾರ್ಟ್ ಮಾಡಿದಾಗ ಹೊಸತು ಏಳದಿದ್ದರೆ ಫೋನ್ ತಾನಾಗಿಯೇ ಹಳೆಯದಕ್ಕೆ ಮರಳುತ್ತದೆ. ಆದರೆ ಇದನ್ನೇ ಕೆಲವರು ತಪ್ಪಾಗಿ ತಿಳಿದು, "ಹಳೆಯದು ಹೇಗೂ ಇನ್ನೊಂದು ಕಡೆ ಇರುತ್ತದಲ್ಲ, ಬೇಕಾದಾಗ ಅದಕ್ಕೆ ಹೋಗಬಹುದು" ಎಂದು ವಾದಿಸುತ್ತಾರೆ. ಹಾಗಾಗುವುದಿಲ್ಲ. ಹೊಸ ವ್ಯವಸ್ಥೆ ಒಮ್ಮೆ ಸರಿಯಾಗಿ ಎದ್ದು ಕುಳಿತಿತೆಂದರೆ ಅದು ನಿಮ್ಮ ಮಾಹಿತಿಯ ಕಡತಗಳನ್ನು ತನ್ನ ರೀತಿಗೆ ಬದಲಾಯಿಸಿಕೊಳ್ಳುತ್ತದೆ, ಬದಲಾದ ಆ ಕಡತಗಳನ್ನು ಹಳೆಯ ವ್ಯವಸ್ಥೆ ಓದಬಲ್ಲದೆಂಬ ಖಾತರಿಯಿಲ್ಲ. ಹಿಂದಿರುಗುವಾಗ ಎಲ್ಲವನ್ನೂ ಅಳಿಸುವುದಕ್ಕೆ ಇದೇ ಕಾರಣ, ಅದರಲ್ಲಿ ಗೂಗಲ್‌ನ ಹಟವೇನೂ ಇಲ್ಲ. ಎದ್ದೇಳದ ವ್ಯವಸ್ಥೆಯಿಂದ ಈ ಏರ್ಪಾಡು ನಿಮ್ಮನ್ನು ಕಾಪಾಡುತ್ತದೆ, ಎದ್ದ ಮೇಲೆ ನಿಮಗೆ ಇಷ್ಟವಾಗದ ವ್ಯವಸ್ಥೆಯಿಂದ ಕಾಪಾಡುವುದಿಲ್ಲ.

ಕೆಲವೊಮ್ಮೆ ಹಿಂದಿರುಗುವ ದಾರಿಯೇ ಮುಚ್ಚಿಹೋಗುವುದೂ ಉಂಟು. 2022ರ ಆಗಸ್ಟಿನಲ್ಲಿ ಆಂಡ್ರಾಯ್ಡ್ 13 ಬಂದಾಗ ಪಿಕ್ಸೆಲ್ 6, 6 ಪ್ರೊ ಮತ್ತು 6ಎ ಫೋನುಗಳ ಬೂಟ್‌ಲೋಡರಿನಲ್ಲಿದ್ದ ಒಂದು ಭದ್ರತಾ ಲೋಪವನ್ನು ಸರಿಪಡಿಸಿ, ಹಳೆಯ ಬೂಟ್‌ಲೋಡರಿಗೆ ಮರಳದಂತೆ ಬೀಗ ಹಾಕಲಾಯಿತು. ಆ ಅಪ್‌ಡೇಟ್ ಹಾಕಿದ ಫೋನುಗಳು ಆಂಡ್ರಾಯ್ಡ್ 12ಕ್ಕೆ ಮರಳಲಾರವು, ಎಲ್ಲವನ್ನೂ ಅಳಿಸಲು ಸಿದ್ಧರಿದ್ದರೂ ಸರಿಯೇ. ಇಂಥದ್ದು ಬೀಟಾದಲ್ಲಿ ಮಾತ್ರವಲ್ಲ, ಅಂತಿಮ ಆವೃತ್ತಿಯಲ್ಲೂ ನಡೆಯುತ್ತದೆ. ಬಿಡುಗಡೆಯ ಟಿಪ್ಪಣಿಗಳನ್ನು ಮೊದಲು ಓದಬೇಕು ಎನ್ನುವುದು ಅದಕ್ಕಾಗಿ.

ಬ್ಯಾಂಕಿನ ಆ್ಯಪ್‌ಗಳ ಬಗ್ಗೆ: ಗೂಗಲ್ ತನ್ನ ಹೊಂದಾಣಿಕೆಯ ಪರೀಕ್ಷೆಗಳನ್ನು ಬೀಟಾದ ಮೇಲೆ ನಡೆಸಿ ಅನುಮೋದಿಸಿರುತ್ತದೆ, ಆದ್ದರಿಂದ ಬೂಟ್‌ಲೋಡರ್ ಮುಟ್ಟದೆ ಬೀಟಾ ಪುಟದ ಮೂಲಕ ಹಾಕಿಕೊಂಡ ಫೋನಿನಲ್ಲಿ ಪಾವತಿಯ ಆ್ಯಪ್‌ಗಳು ಸಾಮಾನ್ಯವಾಗಿ ತೆರೆಯುತ್ತವೆ. ಹಿಂದಿನ ಡೆವಲಪರ್ ಪ್ರಿವ್ಯೂಗಳಿಗೆ ಆ ಅನುಮೋದನೆ ಇರುತ್ತಿರಲಿಲ್ಲ. ಬೂಟ್‌ಲೋಡರ್ ತೆರೆದಿರುವ ಫೋನನ್ನು ಪ್ಲೇ ಇಂಟೆಗ್ರಿಟಿ ಎಂಬ ತಪಾಸಣೆ ಗುರುತಿಸುತ್ತದೆ, ಆಗ ಅನೇಕ ಬ್ಯಾಂಕ್ ಆ್ಯಪ್‌ಗಳು ಬಾಗಿಲು ಹಾಕಿಕೊಳ್ಳುತ್ತವೆ. ಆದರೆ "ಸಾಮಾನ್ಯವಾಗಿ" ಎಂಬ ಮಾತಿಗೆ ಒತ್ತು ಕೊಟ್ಟು ಓದಿ. ನಿಮ್ಮ ಬ್ಯಾಂಕಿನ ಆ್ಯಪ್ ಬರೆದವರು ಇನ್ನೂ ಆ ಬೀಟಾದಲ್ಲಿ ತಮ್ಮ ಆ್ಯಪನ್ನು ತೆರೆದೇ ನೋಡಿರದಿದ್ದರೆ, ತಪಾಸಣೆಯಲ್ಲಿ ಉತ್ತೀರ್ಣವಾದ ಫೋನಿನಲ್ಲೂ ಅದು ತೆರೆದಂತೆಯೇ ಮುಚ್ಚಿಕೊಳ್ಳಬಹುದು. ಅದು ಶನಿವಾರವೋ ಸೋಮವಾರವೋ, ಬಟವಾಡೆಯ ದಿನವೋ ಅಲ್ಲವೋ ಎಂದು ಆ್ಯಪ್ ನೋಡುವುದಿಲ್ಲ. ನಿಮ್ಮ ದೂರನ್ನು ಬ್ಯಾಂಕಿನವರು ಕೇಳುವುದೂ ಕಷ್ಟ, ಏಕೆಂದರೆ ಬೀಟಾಕ್ಕೆ ಅವರು ಹೊಣೆಯಲ್ಲ.

ವೈಫೈ ಕರೆಯ ಬಗ್ಗೆ ನನ್ನ ಆತಂಕ ಇನ್ನೂ ಹೆಚ್ಚು. ಬೀಟಾ ಅಪ್‌ಡೇಟ್ ಬಂದಾಗ ಪರದೆಯ ಮೇಲೆ ಕಾಣುವ ಭಾಗವಷ್ಟೇ ಅಲ್ಲ, ಟವರಿನೊಡನೆ ಮಾತನಾಡುವ ಮೋಡೆಮ್‌ನ ತಂತ್ರಾಂಶವೂ ಬದಲಾಗುತ್ತದೆ. ಬೆಂಗಳೂರಿನಲ್ಲಿ ಸಿಗ್ನಲ್ಲಿನ ಒಂದು ಕಡ್ಡಿ ಕಡಿಮೆಯಾದರೆ ಯಾರ ಗಮನಕ್ಕೂ ಬರುವುದಿಲ್ಲ. ನಿಮ್ಮ ತೋಟದಲ್ಲಿ ಇರುವುದೇ ಒಂದು ಕಡ್ಡಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟೂ ಬ್ರಾಡ್‌ಬ್ಯಾಂಡೂ ಒಟ್ಟಿಗೆ ಹೋದಾಗ 112ಕ್ಕೆ ಕರೆ ಮಾಡಬೇಕಾಗಿ ಬಂದರೆ ಕೈಯಲ್ಲಿರುವುದು ಪರೀಕ್ಷೆಯ ಹಂತದ ಮೋಡೆಮ್ ಆಗಿರಬಾರದು. ನಿಮ್ಮ ಚಿಕ್ಕಪ್ಪನ ಮಗನ ಸಲಹೆ ಅವರ ಮಟ್ಟಿಗೆ ಸರಿ, ಮೂಡಿಗೆರೆಯ ಮಟ್ಟಿಗೆ ಸರಿಯಲ್ಲ.

ನೋಡುವ ಕುತೂಹಲವಷ್ಟೇ ಇದ್ದರೆ ಕಂಪ್ಯೂಟರಿನಲ್ಲಿ ಆ್ಯಪ್ ಬರೆಯುವವರು ಬಳಸುವ ಆಂಡ್ರಾಯ್ಡ್ ಸ್ಟುಡಿಯೋ ಹಾಕಿಕೊಂಡು ಅದರ ಎಮ್ಯುಲೇಟರಿನಲ್ಲಿ, ಅಂದರೆ ಪರದೆಯ ಮೇಲೆ ನಡೆಯುವ ಅಣಕು ಫೋನಿನಲ್ಲಿ, ಬೀಟಾವನ್ನು ನಡೆಸಬಹುದು. ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ ಸೆಟ್ಟಿಂಗ್ಸ್‌ನ ಪ್ರತಿ ಪುಟವನ್ನೂ ನೋಡಬಹುದು, ಕೆಟ್ಟರೆ ಅಳಿಸಿ ಮತ್ತೊಂದು ಮಾಡಿಕೊಳ್ಳಬಹುದು. ಕ್ಯಾಮೆರಾ, ಬ್ಯಾಟರಿ, ಸಿಗ್ನಲ್ ಇವುಗಳ ಬಗ್ಗೆ ಮಾತ್ರ ಅದು ಏನನ್ನೂ ಹೇಳದು. ಕಂಪ್ಯೂಟರಿನಲ್ಲಿ 16 ಜಿಬಿ ರ‍್ಯಾಮ್ ಇದ್ದರೆ ಕೆಲಸ ಹಗುರ.

ಉತ್ತರ: ನಿವೃತ್ತ ಉಪನ್ಯಾಸಕ, ಚಿಕ್ಕಮಗಳೂರು

ಮೇಲಿನ ಇಬ್ಬರೂ ತಿಳಿದವರು, ಅವರ ಎಚ್ಚರಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರಶ್ನೆ ಕೇಳಿದವರ ಮಾತಿನಲ್ಲಿ ಇನ್ನೊಂದು ಅಂಶವಿತ್ತು, ಅದನ್ನು ಇಬ್ಬರೂ ಬದಿಗಿಟ್ಟಂತೆ ಕಂಡಿತು. ಫೋನನ್ನು ಪೂರ್ತಿಯಾಗಿ ಕನ್ನಡದಲ್ಲಿ ಬಳಸುವವರೇ ವಿರಳ. ಅವರಲ್ಲಿ ಬೀಟಾ ಹಾಕಿ, ಕಂಡದ್ದನ್ನು ಬರೆದು ಕಳಿಸುವವರು ಇನ್ನೂ ವಿರಳ. ಎಲ್ಲರೂ "ಬೇಡ, ಅಪಾಯ" ಎಂದು ಕೈಕಟ್ಟಿ ಕುಳಿತರೆ ಕನ್ನಡದ ಕೊರತೆಗಳು ಅಂತಿಮ ಆವೃತ್ತಿಯವರೆಗೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಸ್ವಲ್ಪ ಹಿಂದಿನದನ್ನು ನೆನೆಯುವುದು ಅಪ್ರಸ್ತುತವಾಗದು ಎಂದುಕೊಳ್ಳುತ್ತೇನೆ. ಆಂಡ್ರಾಯ್ಡ್‌ನಲ್ಲಿ ಕನ್ನಡ ಅಕ್ಷರಗಳ ಬೆಂಬಲ ಬಂದದ್ದು 2012ರ 4.1 ಆವೃತ್ತಿಯಲ್ಲಿ, ತೆಲುಗು ಮತ್ತು ಮಲಯಾಳಂ ಜೊತೆಯಲ್ಲಿ. ಫೋನಿನ ಮೆನು ಮತ್ತು ಸೆಟ್ಟಿಂಗ್ಸ್ ಕನ್ನಡದಲ್ಲಿ ಸಿಕ್ಕಿದ್ದು 2014ರ 5.0 ಆವೃತ್ತಿಯಲ್ಲಿ. ಫೋನನ್ನು ಇಂಗ್ಲಿಷಿನಲ್ಲಿಟ್ಟು ಒಂದೊಂದು ಆ್ಯಪಿಗೆ ಮಾತ್ರ ಕನ್ನಡವನ್ನು ಆರಿಸಿಕೊಳ್ಳುವ ಅನುಕೂಲ 2022ರ ಆಂಡ್ರಾಯ್ಡ್ 13ರಲ್ಲಿ ಬಂತು. ಮರುವರ್ಷದ ಆಂಡ್ರಾಯ್ಡ್ 14ರಲ್ಲಿ ಅಕ್ಷರಗಳನ್ನು 200 ಪ್ರತಿಶತದವರೆಗೆ ಹಿಗ್ಗಿಸುವ ಸೌಲಭ್ಯ ಸೇರಿತು. ನನ್ನ ವಯಸ್ಸಿನವರಿಗೆ ಇದು ವರವೇ ಸರಿ. ಆದರೆ ಕನ್ನಡದ ಪರೀಕ್ಷೆ ನಿಜವಾಗಿ ನಡೆಯುವುದು ಅಲ್ಲೇ. ನಮ್ಮ ಪದಗಳು ಉದ್ದ. ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ. ಇಂಗ್ಲಿಷಿನ ಪದವನ್ನು ಮನಸ್ಸಿನಲ್ಲಿಟ್ಟುಕೊಂಡು ಎತ್ತರ ನಿಗದಿಮಾಡಿದ ಗುಂಡಿಯಲ್ಲಿ "ಸ್ಥಾಪಿಸಿ", "ದೃಢೀಕರಣ", "ಅಧಿಸೂಚನೆಗಳು" ಎಂಬಂಥ ಪದಗಳನ್ನು ಕೂರಿಸಿದಾಗ ಒತ್ತಿನ ತುದಿ ಕತ್ತರಿಸಿತೇ, ಪದದ ಬಾಲ ಚುಕ್ಕಿಗಳಲ್ಲಿ ಮರೆಯಾಯಿತೇ ಎಂಬುದನ್ನು ಕನ್ನಡ ಓದಬಲ್ಲ ಕಣ್ಣೇ ನೋಡಬೇಕು.

ನೋಡುವುದಾದರೆ ಕ್ರಮವಾಗಿ ನೋಡಿ. ಅಕ್ಷರದ ಗಾತ್ರವನ್ನು ಮೊದಲು ಸಾಮಾನ್ಯದಲ್ಲಿ, ಆಮೇಲೆ ಗರಿಷ್ಠದಲ್ಲಿ ಇಟ್ಟು, ತ್ವರಿತ ಸೆಟ್ಟಿಂಗ್ಸ್‌ನ ಚೌಕಗಳು, ಬೀಗ ಹಾಕಿದ ಪರದೆಯ ದಿನಾಂಕ, ಅನುಮತಿ ಕೇಳುವ ಪೆಟ್ಟಿಗೆಗಳು, ಒಳಬರುವ ಕರೆಯ ಪರದೆ ಇವನ್ನು ನೋಡಿ. ಅರ್ಕಾವೊತ್ತು ಇರುವ "ಸೂರ್ಯ"ವನ್ನೂ, ರಕಾರದ ಕೆಳಗೆ ಯಕಾರದ ಒತ್ತು ಬರಬೇಕಾದ "ರ‍್ಯಾಲಿ"ಯನ್ನೂ ಒಟ್ಟಿಗೆ ಟೈಪ್ ಮಾಡಿ, ಎರಡೂ ಬೇರೆ ಬೇರೆ ರೂಪದಲ್ಲಿ ಕಾಣುತ್ತವೆಯೇ ಎಂದು ಗಮನಿಸಿ. ಎರಡನೆಯದರ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತವಿರುತ್ತದೆ, ಹೊಸ ಕೀಲಿಮಣೆಯಾಗಲಿ ಹೊಸ ಅಕ್ಷರಶೈಲಿಯಾಗಲಿ ಬಂದಾಗ ಎಡವುವುದು ಅಂಥ ಕಡೆಯೇ.

ಕೊರತೆ ಕಂಡರೆ ಪಿಕ್ಸೆಲ್‌ನ ಬೀಟಾದೊಡನೆ ಬರುವ ಫೀಡ್‌ಬ್ಯಾಕ್ ಆ್ಯಪಿನಲ್ಲಿ ಬರೆಯಿರಿ. "ಕನ್ನಡ ಸರಿಯಿಲ್ಲ" ಎಂದು ಬರೆದರೆ ಅದನ್ನು ಓದುವವರಿಗೆ ಏನೂ ತಿಳಿಯದು. ಯಾವ ಪರದೆ, ಅಲ್ಲಿಗೆ ಹೋದದ್ದು ಹೇಗೆ, ಅಕ್ಷರದ ಗಾತ್ರ ಎಷ್ಟಿತ್ತು, ಏನು ಕಾಣಬೇಕಿತ್ತು, ಏನು ಕಂಡಿತು, ಹಿಂದಿನ ಆವೃತ್ತಿಯಲ್ಲಿ ಹೇಗಿತ್ತು ಎಂಬುದನ್ನು ಸ್ಕ್ರೀನ್‌ಶಾಟಿನ ಸಮೇತ ಬರೆಯಬೇಕು. ಅವರು ಕನ್ನಡ ಬಾರದವರೆಂದೇ ಭಾವಿಸಿ, ತಪ್ಪಾದ ಜಾಗಕ್ಕೆ ಒಂದು ವೃತ್ತ ಎಳೆದರೆ ಇನ್ನೂ ಒಳ್ಳೆಯದು.

ಆದ್ದರಿಂದ ನನ್ನ ಉತ್ತರ: ಬೀಟಾ ಬೇಕು, ಆದರೆ ಈ ಫೋನಿಗೆ ಅಲ್ಲ.

ಮರುಪ್ರಶ್ನೆ: ತೋಟದ ರೈಟರ್

ಮೂವರಿಗೂ ಧನ್ಯವಾದಗಳು. ಮನೆಯಲ್ಲಿ ನನ್ನ ತಂದೆಯವರು ಬಳಸಿ ಬಿಟ್ಟ ಒಂದು ಹಳೆಯ ಶಿಯೋಮಿ ಫೋನ್ ಇದೆ, ಅದಕ್ಕೆ ಈ ಬೀಟಾವನ್ನು ಹಾಕಲು ಬರುತ್ತದೆಯೇ? ಅಥವಾ ಯುಪಿಐ ಮತ್ತು ವಾಟ್ಸ್‌ಆ್ಯಪ್‌ಗಳನ್ನೇ ಆ ಹಳೆಯ ಫೋನಿಗೆ ಸಾಗಿಸಿ, ಪಿಕ್ಸೆಲ್ಲನ್ನು ಪರೀಕ್ಷೆಗೆ ಮೀಸಲಿಟ್ಟರೆ ಹೇಗೆ? ಇನ್ನೊಂದು ಸಣ್ಣ ಸಂದೇಹ: ಫೀಡ್‌ಬ್ಯಾಕ್ ಕಳಿಸುವಾಗ ನನ್ನ ಫೋನಿನಲ್ಲಿರುವ ಲೆಕ್ಕಪತ್ರಗಳೂ ಅದರೊಡನೆ ಹೋಗುತ್ತವೆಯೇ?

ಉತ್ತರ: ಆ್ಯಪ್ ಬರೆಯುವವಳು, ಸಕಲೇಶಪುರ

ಗೂಗಲ್‌ನ ಬೀಟಾ ಪುಟ ಪಿಕ್ಸೆಲ್‌ಗಳಿಗಷ್ಟೇ. ಬೇರೆ ಕಂಪನಿಗಳ ಫೋನುಗಳಿಗೆ ಆಯಾ ಕಂಪನಿಯೇ ಬೀಟಾ ಕೊಡಬೇಕು, ಅದೂ ಸಾಮಾನ್ಯವಾಗಿ ಹೊಸ ದುಬಾರಿ ಮಾದರಿಗಳಿಗೆ. ಆಂಡ್ರಾಯ್ಡ್ 11ರಿಂದ ಡೆವಲಪರ್ ಆಯ್ಕೆಗಳಲ್ಲಿ "ಡಿಎಸ್‌ಯು ಲೋಡರ್" ಎಂಬುದೊಂದು ಇದೆ. ಅದು ಫೋನಿನ ಮೂಲ ವ್ಯವಸ್ಥೆಯನ್ನು ಮುಟ್ಟದೆ, ಪಕ್ಕದಲ್ಲಿ ತಾತ್ಕಾಲಿಕವಾಗಿ ಇನ್ನೊಂದು ಆಂಡ್ರಾಯ್ಡನ್ನು ಇರಿಸಿ ನಡೆಸುತ್ತದೆ. ರೀಸ್ಟಾರ್ಟ್ ಮಾಡಿದರೆ ಮೊದಲಿನದೇ ಮರಳುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಎಲ್ಲ ಫೋನುಗಳಲ್ಲೂ ನಡೆಯುವುದಿಲ್ಲ, ಹಳೆಯವುಗಳಲ್ಲಂತೂ ಬೂಟ್‌ಲೋಡರಿನ ಗೊಡವೆಗೆ ಬೀಳಬೇಕಾಗುತ್ತದೆ. ನಿಮ್ಮ ಉದ್ದೇಶಕ್ಕೆ ಎಮ್ಯುಲೇಟರೇ ಸಾಕು.

ಸಂದೇಹದ ಬಗ್ಗೆ: ಸ್ಕ್ರೀನ್‌ಶಾಟ್ ಮತ್ತು ವಿವರಣೆಯಷ್ಟನ್ನೇ ಕಳಿಸಿದರೆ ಅದರಲ್ಲಿ ಕಾಣುವುದಷ್ಟೇ ಹೋಗುತ್ತದೆ. "ಬಗ್ ರಿಪೋರ್ಟ್" ಎಂಬ ಕಡತವನ್ನು ಸೇರಿಸಿದರೆ ಅದರಲ್ಲಿ ಖಾತೆಯ ಹೆಸರು, ಇನ್‌ಸ್ಟಾಲ್ ಆಗಿರುವ ಆ್ಯಪ್‌ಗಳು, ವೈಫೈ ಹೆಸರು ಮುಂತಾದವು ಸೇರಿರುತ್ತವೆ. ಫೋನ್ ಕರೆಯ ದೋಷದಂಥವಕ್ಕೆ ಅದು ಅಗತ್ಯ, ಕತ್ತರಿಸಿದ ಒತ್ತಕ್ಷರವನ್ನು ತೋರಿಸಲು ಅಗತ್ಯವಿಲ್ಲ. ಎಲ್ಲರೂ ನೋಡಬಹುದಾದ ಜಾಗಕ್ಕೆ ಆ ಕಡತವನ್ನು ಎಂದೂ ಹಾಕಬೇಡಿ.

ಉತ್ತರ: ಕಡೂರಿನ ಬಳಕೆದಾರ

ಈ ಚರ್ಚೆಯನ್ನು ಐಫೋನ್ ಮತ್ತು ಸ್ಯಾಮ್‌ಸಂಗ್ ಇರುವವರೂ ಓದುತ್ತಿರಬಹುದಾದ್ದರಿಂದ ಚಿಕ್ಕದಾಗಿ ಬರೆಯುತ್ತೇನೆ.

ಐಫೋನಿನಲ್ಲಿ 2023ರ ಐಒಎಸ್ 17ರಿಂದ ಡೆವಲಪರ್ ಬೀಟಾವನ್ನೂ ಹಣ ಕಟ್ಟದೆ ಹಾಕಿಕೊಳ್ಳಬಹುದು, ಸೆಟ್ಟಿಂಗ್ಸ್‌ನಲ್ಲೇ ಆಯ್ಕೆಯಿದೆ. ಸುಲಭವಾದದ್ದೇ ತೊಡಕು ಎಂಬ ಹಾಸನದವರ ಮಾತು ಇಲ್ಲಿಯೂ ಸಲ್ಲುತ್ತದೆ. ಐಒಎಸ್ 26ರ ಡೆವಲಪರ್ ಬೀಟಾ 2025ರ ಜೂನ್ 9ರಂದು ಬಂದರೆ, ಸಾರ್ವಜನಿಕರಿಗೆಂದೇ ಇರುವ ಬೀಟಾ ಬಂದದ್ದು ಜುಲೈ 24ರಂದು, ಅಂತಿಮ ಆವೃತ್ತಿ ಸೆಪ್ಟೆಂಬರ್ 15ರಂದು. ಆತುರವಿಲ್ಲದವರು ಎರಡನೆಯದಕ್ಕೆ ಕಾಯುವುದು ಮೇಲು. ಹಿಂದಿರುಗಲು ಫೋನನ್ನು ಕಂಪ್ಯೂಟರಿಗೆ ಸೇರಿಸಿ, ರಿಕವರಿ ಮೋಡ್‌ನಲ್ಲಿ ಅಳಿಸಿ ಹಾಕಬೇಕು. ಬೀಟಾದಲ್ಲಿ ತೆಗೆದ ಬ್ಯಾಕಪ್ ಹಳೆಯದಕ್ಕೆ ಹೊಂದುವುದಿಲ್ಲ, ಆದ್ದರಿಂದ ಬೀಟಾ ಹಾಕುವ ಮೊದಲೇ ಕಂಪ್ಯೂಟರಿನಲ್ಲಿ ಬ್ಯಾಕಪ್ ತೆಗೆದು, ಮುಂದಿನ ಬ್ಯಾಕಪ್ ಅದರ ಮೇಲೆ ಬರೆಯದಂತೆ "ಆರ್ಕೈವ್" ಮಾಡಿಡಬೇಕು. ಆ್ಯಪಲ್ ವಾಚಿಗೆ ಬೀಟಾ ಹಾಕಿದರಂತೂ ನಾವಾಗಿ ಹಿಂದಿರುಗಿಸಲು ಸಾಧ್ಯವೇ ಇಲ್ಲ.

ಸ್ಯಾಮ್‌ಸಂಗ್‌ನವರು ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪ್ ಮೂಲಕ ಒನ್ ಯುಐ (ಆಂಡ್ರಾಯ್ಡ್‌ಗೆ ಅವರು ಕೊಟ್ಟ ತಮ್ಮದೇ ರೂಪ) ಬೀಟಾ ಕೊಡುತ್ತಾರೆ. ಕೆಲವೇ ಮಾದರಿಗಳಿಗೆ, ಕೆಲವೇ ದೇಶಗಳಲ್ಲಿ, ಸೀಮಿತ ಸಂಖ್ಯೆಯ ಜನರಿಗೆ ಅದು ಸಿಗುತ್ತದೆ. ಒನ್ ಯುಐ 7ರ ಬೀಟಾ ಭಾರತದಲ್ಲೂ ಸಿಕ್ಕಿತ್ತು. ಹಿಂದಿರುಗಲು ಕಂಪ್ಯೂಟರಿನಲ್ಲಿ ಸ್ಮಾರ್ಟ್ ಸ್ವಿಚ್ ಎಂಬ ಅವರ ತಂತ್ರಾಂಶ ಬೇಕು, ಅದೂ ಎಲ್ಲವನ್ನೂ ಅಳಿಸುತ್ತದೆ.

ಉತ್ತರ: ಮೊಬೈಲ್ ರಿಪೇರಿ, ಬಿ.ಎಂ. ರಸ್ತೆ, ಹಾಸನ

ಪಿಕ್ಸೆಲ್ಲನ್ನೇ ಪರೀಕ್ಷೆಗೆ ಇಟ್ಟು ವ್ಯವಹಾರವನ್ನು ಹಳೆಯ ಫೋನಿಗೆ ಸಾಗಿಸುವ ಯೋಚನೆ ನನಗೆ ಒಪ್ಪಿಗೆಯಾಗಲಿಲ್ಲ. ಭದ್ರತಾ ಅಪ್‌ಡೇಟ್ ನಿಂತುಹೋದ ಫೋನಿಗೆ ಹಣದ ವ್ಯವಹಾರವನ್ನು ಒಪ್ಪಿಸಿ, ಭದ್ರವಾದ ಫೋನನ್ನು ಪ್ರಯೋಗಕ್ಕೆ ಬಿಡುವುದು ಕಳ್ಳನ ಕೈಗೆ ಬೀಗದ ಕೈ ಕೊಟ್ಟು ಬಾಗಿಲು ಕಾಯಲು ಕುಳಿತ ಹಾಗಾಗುತ್ತದೆ. ಹಳೆಯ ಶಿಯೋಮಿಗೆ ಈಗಲೂ ಅಪ್‌ಡೇಟ್ ಬರುತ್ತಿದ್ದರೆ ಮಾತ್ರ ಅದು ಬೇರೆ ವಿಚಾರ.

ಯುಪಿಐ ಸಾಗಿಸುವುದಾಗಲಿ, ಅಳಿಸಿದ ಫೋನಿನಲ್ಲಿ ಮತ್ತೆ ಹಾಕಿಕೊಳ್ಳುವುದಾಗಲಿ ಏಕೆ ತಲೆನೋವು ಎಂದು ಹೇಳುತ್ತೇನೆ. ಬ್ಯಾಂಕಿಗೆ ಕೊಟ್ಟಿರುವ ಸಂಖ್ಯೆಯ ಸಿಮ್ ಅದೇ ಫೋನಿನಲ್ಲಿರಬೇಕು. ನೋಂದಣಿಯ ವೇಳೆ ಆ ಸಿಮ್ಮಿನಿಂದ ಒಂದು ಎಸ್ಎಂಎಸ್ ತಾನಾಗಿ ಹೋಗಬೇಕು, ಅದು ಹೋಗದಿದ್ದರೆ ನೋಂದಣಿ ಆಗುವುದಿಲ್ಲ. ತೋಟದಲ್ಲಿ ಟವರ್ ಸಿಗದೆ ಇದಕ್ಕಾಗಿಯೇ ಕೊಟ್ಟಿಗೆಹಾರಕ್ಕೋ ಮೂಡಿಗೆರೆ ಪೇಟೆಗೋ ಬರಬೇಕಾದವರನ್ನು ಬಲ್ಲೆ. ಹೊಸದಾಗಿ ನೋಂದಾಯಿಸಿದ ಮೊದಲ ದಿನ ಪಾವತಿಯ ಮಿತಿಯೂ ಕಡಿಮೆಯಾಗಿರುತ್ತದೆ. ಬಟವಾಡೆಯ ಹಿಂದಿನ ದಿನ ಇದಕ್ಕೆ ಕೈಹಾಕಿದರೆ ಮರುದಿನ ಆಳುಗಳಿಗೆ ಉತ್ತರ ಹೇಳಬೇಕಾದವರು ನೀವೇ.

ಇಷ್ಟಾದರೂ ಬೀಟಾ ಹಾಕಿಯೇ ತೀರುವುದಾದರೆ, ಮಳೆಗಾಲವನ್ನೂ ಕೊಯ್ಲನ್ನೂ ಬಿಟ್ಟು, ಕೊನೆಯ ಬೀಟಾದ ಸಮಯದಲ್ಲಿ, ವಾಟ್ಸ್‌ಆ್ಯಪ್ ಬ್ಯಾಕಪ್ಪನ್ನು ಗೂಗಲ್ ಡ್ರೈವಿಗೆ ಕಳಿಸಿ ಹಾಕಿ. ಆ ಬ್ಯಾಕಪ್ ಈಗ ನಿಮ್ಮ ಖಾತೆಯ ಉಚಿತ 15 ಜಿಬಿಯಲ್ಲೇ ಲೆಕ್ಕಕ್ಕೆ ಬರುವುದರಿಂದ, ಜಾಗವಿದೆಯೇ ಎಂದು ಮೊದಲು ನೋಡಿಕೊಳ್ಳಿ. ಡೌನ್‌ಲೋಡ್ ದೊಡ್ಡದಿರುತ್ತದೆ, ಬಂಗಲೆಯ ವೈಫೈಯಲ್ಲೇ ಮಾಡಿ.

ತೋಟದ ರೈಟರ್

ಎಲ್ಲರ ಮಾತುಗಳನ್ನು ಓದಿ ನಿರ್ಧರಿಸಿದ್ದೇನೆ. ಫೋನನ್ನು ಹಾಗೆಯೇ ಬಿಡುತ್ತೇನೆ. ಸಾಹುಕಾರರ ಮಗಳು ರಜೆಗೆ ಬಂದಾಗ ಅವರ ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ ಹಾಕಿಕೊಡುತ್ತೇನೆಂದು ಒಪ್ಪಿದ್ದಾರೆ. ಚಿಕ್ಕಮಗಳೂರಿನ ಗುರುಗಳು ಹೇಳಿದ ಕ್ರಮದಲ್ಲೇ ಕನ್ನಡದ ಪರದೆಗಳನ್ನು ನೋಡುತ್ತೇನೆ. ಅಂತಿಮ ಆವೃತ್ತಿ ಬಂದ ಮೇಲೆ ಎಲ್ಲರ ಜೊತೆಗೆ ಫೋನಿಗೂ ಹಾಕಿಕೊಳ್ಳುತ್ತೇನೆ.

ಉತ್ತರ: ಆ್ಯಪ್ ಬರೆಯುವವಳು, ಸಕಲೇಶಪುರ

ಒಳ್ಳೆಯ ನಿರ್ಧಾರ. ಈಗಾಗಲೇ ಬೀಟಾದಲ್ಲಿರುವ ಇತರ ಓದುಗರಿಗಾಗಿ ಒಂದು ವಿಷಯ ಬಾಕಿ ಉಳಿದಿದೆ. ಅಂತಿಮ ಆವೃತ್ತಿ ಬಂದಾಗ ತಾವು ತಾನಾಗಿಯೇ ಹೊರಬಂದೆವೆಂದು ಅನೇಕರು ತಿಳಿಯುತ್ತಾರೆ. ನೋಂದಣಿ ಹಾಗೆಯೇ ಇದ್ದರೆ ಮುಂದಿನ ತ್ರೈಮಾಸಿಕ ಅಪ್‌ಡೇಟಿನ ಬೀಟಾ ಕೂಡ ಬರುತ್ತದೆ. 2025ರಲ್ಲಿ ಅಂಥದ್ದು ಇನ್ನೂ ಮುಂಚೆಯೇ ಬಂತು: ಆಂಡ್ರಾಯ್ಡ್ 16ರ ಅಂತಿಮ ಆವೃತ್ತಿ ಜೂನ್‌ನಲ್ಲಿ ಬರುವ ಮೊದಲೇ, ಮೇ 20ರಂದು, ಅದರ ನಂತರದ ತ್ರೈಮಾಸಿಕ ಬೀಟಾ ಹೊರಬಂತು. ಅದನ್ನು ಹಾಕಿಕೊಂಡವರಿಗೆ ಜೂನ್‌ನ ಬಾಗಿಲು ತಪ್ಪಿತು, ಅಳಿಸದೆ ಹೊರಬರಲು ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಆದ್ದರಿಂದ ಅಂತಿಮ ಆವೃತ್ತಿ ಫೋನಿಗೆ ಬಂದ ಕೂಡಲೇ, ಮುಂದಿನ ಯಾವ ಬೀಟಾವನ್ನೂ ಇನ್‌ಸ್ಟಾಲ್ ಮಾಡುವ ಮುನ್ನ, ಬೀಟಾ ಪುಟಕ್ಕೆ ಹೋಗಿ ನೋಂದಣಿಯನ್ನು ರದ್ದುಮಾಡಿಕೊಳ್ಳಬೇಕು; ಆಗ ಏನೂ ಅಳಿಸಿಹೋಗುವುದಿಲ್ಲ.